ದೋಣಿ ಪುಸ್ತಕದ ಮೇಲೆ ಕೂರಲೊಲ್ಲದ ಬೆಕ್ಕಿನವರಿಗೆ

ಮಾನ್ಯರೇ,

ಬೂದುಬಣ್ಣದ ಮೈ, ಬಿಳಿಯ ಕಾಲುಚೀಲ ಮತ್ತು ಯಾರಿಗೂ ಸೊಪ್ಪು ಹಾಕದ ಸ್ವಭಾವದಿಂದ ನಮ್ಮ ಅಂಗಡಿಸಾಲಿನಲ್ಲೆಲ್ಲ ಪ್ರಸಿದ್ಧರಾದ, ಕನ್ನಡಕದ ಅಂಗಡಿಯ ಓದುಗರ ಕೂಟಕ್ಕೆ ಪುಸ್ತಕ ಆರಿಸಿಕೊಡುವ ಏಕಸದಸ್ಯ ಸಮಿತಿಯ ಅಧ್ಯಕ್ಷರೂ ಸದಸ್ಯರೂ ಹಲವು ಸಲ ಕೋರಂ ಇಲ್ಲದಿರುವುದಕ್ಕೆ ಕಾರಣರೂ ಆದ ತಮ್ಮ ಸನ್ನಿಧಿಗೆ, ಸದರಿ ಅಂಗಡಿಯ ಮಾಲೀಕನೂ ಸದರಿ ಕೂಟಕ್ಕೆ ಕುರ್ಚಿ ಹಾಕುವವನೂ ಆದ ನಾನು ಬಾಗಿ ಮಾಡುವ ವಂದನೆಗಳು. ಬಾಗಿ ಎಂದದ್ದು ಅಲಂಕಾರಕ್ಕಲ್ಲ. ತಾವು ಸದ್ಯ ಕಣ್ಣು ಪರೀಕ್ಷೆಯ ಕುರ್ಚಿಯ ಕೆಳಗೆ ಮುನಿಸಿಕೊಂಡು ಕೂತಿರುವುದರಿಂದ ವಂದಿಸುವವನಿಗೆ ಬೇರೆ ದಾರಿಯಿಲ್ಲ.

ಮೊದಲಿಗೆ ನಮ್ಮ ಭಾಷೆಯ ಪರವಾಗಿ ಕ್ಷಮೆ ಕೇಳಿಬಿಡುತ್ತೇನೆ. ಕಣ್ಣು ಮುಚ್ಚಿ ಹಾಲು ಕುಡಿಯುತ್ತೀರಿ ಎಂದು, ತಮಗೆ ಆಟವಾದದ್ದು ಇಲಿಗೆ ಪ್ರಾಣಸಂಕಟ ಎಂದು, ತಮ್ಮ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂದು ಗಾದೆಯ ಮೇಲೆ ಗಾದೆ ಹೆಣೆದು ತಮ್ಮ ಕುಲಕ್ಕೆ ನಾವು ಮಾಡಿರುವ ಅಪಚಾರ ದೊಡ್ಡದು. ಗಂಟೆಯ ಪ್ರಶ್ನೆ ನಮ್ಮ ಕೂಟದಲ್ಲೂ ಒಮ್ಮೆ ಬಂದಿತ್ತು. ತರಲು ಎಲ್ಲರೂ ಒಪ್ಪಿದರು, ಕಟ್ಟಲು ನಾನೊಬ್ಬನೇ ಒಪ್ಪಿದೆ. ಕೊನೆಗೆ ಗಾದೆಯೂ ಗೆದ್ದಿತು, ತಾವೂ ಗೆದ್ದಿರಿ, ಸೋತದ್ದು ನನ್ನ ಮುಂಗೈ.

ಇನ್ನು ದೂರು. ಒಂದು ವರ್ಷಕ್ಕೂ ಮೇಲ್ಪಟ್ಟು, ಭಾನುವಾರದ ಮೇಲೆ ಭಾನುವಾರ, ನನ್ನ ಅಕ್ಕ ತನ್ನದೊಂದು ಪುಸ್ತಕವನ್ನು ತಮ್ಮ ಮುಂದೆ ಇಡುತ್ತಲೇ ಬಂದಳು, ತಾವು ಒಂದು ಸಲವೂ ಅದರ ಮೇಲೆ ಕೂರಲಿಲ್ಲ. ಇದು ಬಹಿರಂಗ ಪತ್ರವಾದ್ದರಿಂದ ತಮಗೆ ಚೆನ್ನಾಗಿ ಗೊತ್ತಿರುವುದನ್ನೇ ದಾರಿಹೋಕರಿಗಾಗಿ ಮೊದಲಿನಿಂದ ಹೇಳಬೇಕಾಗಿದೆ. ಅಷ್ಟು ಹೊತ್ತು ತಾವು ಕಿವಿ ಕೆರೆದುಕೊಳ್ಳಬಹುದು.

ನಮ್ಮದು ಐದು ಜನರ ಕೂಟ. ಭಾನುವಾರ ಮಧ್ಯಾಹ್ನ ಅಂಗಡಿಯ ಶಟರನ್ನು ಅರ್ಧ ಇಳಿಸಿ, ಗಿರಾಕಿಗಳಿಗೆ ಫ್ರೇಮು ತೊಡಿಸಿ ನೋಡುವ ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು, ಆ ವಾರ ಎಲ್ಲರೂ ಓದಿದ ಒಂದೇ ಪುಸ್ತಕದ ಬಗ್ಗೆ ಐದು ಬಗೆಯಾಗಿ ಮಾತಾಡುವುದು ನಮ್ಮ ಕಸುಬು. ಅಂಗಡಿಯ ನಾಲ್ಕು ಗೋಡೆಗೂ ಕನ್ನಡಿ ಇರುವುದರಿಂದ, ಸಿಟ್ಟು ಬಂದು ಮುಖ ತಿರುಗಿಸಿದವರ ಮುಖ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಓದಿದ್ದು ಮಾರುದ್ದ, ವಾದಿಸಿದ್ದು ಊರುದ್ದ.

ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಯಾವ ಪುಸ್ತಕವನ್ನೂ ಕೊನೆಯ ಪುಟದಿಂದ ಶುರು ಮಾಡುವವರು. ಮೇಲೆ ಎಷ್ಟೇ ಫಳಫಳ ಇದ್ದರೂ ಬೇರಿನಲ್ಲಿ ಹುಳುಕಿದೆಯೇ ಎಂದು ಮೊದಲು ನೋಡಬೇಕೆಂಬುದು ಅವರ ಸಿದ್ಧಾಂತ. ಬಸ್ಸಿನ ಕಂಡಕ್ಟರು ಕಾದಂಬರಿಯ ಪ್ರತಿಯೊಂದು ಪಾತ್ರದ ಲೆಕ್ಕವನ್ನೂ ಇಡುವವರು. "ಈ ಸೋದರಮಾವ ಮೂರನೇ ಅಧ್ಯಾಯದಲ್ಲಿ ಹತ್ತಿದ, ಆಮೇಲೆ ಎಲ್ಲಿಳಿದ?" ಎಂದು ಅವರು ಕೇಳಿದರೆ ಉತ್ತರಿಸಲು ಲೇಖಕನೇ ಬರಬೇಕು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಕೊನೆಯವರೆಗೂ ಸುಮ್ಮನಿದ್ದು, ಎಲ್ಲರೂ ಎದ್ದು ಚಪ್ಪಲಿ ಹುಡುಕುವಾಗ ಒಂದು ಮಾತು ಚುಚ್ಚುತ್ತಾಳೆ. ನೋವಾಗುವುದು ಮನೆಗೆ ಹೋದ ಮೇಲೆ. ನಿವೃತ್ತ ಗಣಿತದ ಟೀಚರಾದ ನನ್ನ ಅಕ್ಕ ಯಾವ ಅಭಿಪ್ರಾಯಕ್ಕೂ "ಹೇಳಿಕೆ ಸರಿ, ಸಾಧನೆ ಎಲ್ಲಿ?" ಎಂದು ಕೇಳುತ್ತಾಳೆ. ನಾನು ಪ್ರಾಸವಿದ್ದರೆ ಯಾವುದನ್ನಾದರೂ ಮೆಚ್ಚುವವನಾದ್ದರಿಂದ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ಚಹಾ ಮಾತ್ರ ಕೇಳುತ್ತಾರೆ.

ಇಂಥ ಕೂಟದಲ್ಲಿ ಓದಿದ ಮೇಲಿನ ಜಗಳ ಸಹಜ. ಆದರೆ ಓದುವ ಮೊದಲೇ, ಮುಂದಿನ ಪುಸ್ತಕ ಯಾವುದೆಂದು ಆರಿಸುವಾಗಲೇ ಶುರುವಾದ ಜಗಳ ಎಲ್ಲಿಗೆ ಮುಟ್ಟಿತೆಂದರೆ, ಅಕ್ಕ ಮತ್ತು ಡಾಕ್ಟರು ಎದುರೆದುರು ಕೂತೂ ನನ್ನ ಮೂಲಕ ಮಾತಾಡತೊಡಗಿದರು. "ನಿಮ್ಮ ಅಕ್ಕನವರಿಗೆ ಸಕ್ಕರೆ ಡಬ್ಬಿ ಈ ಕಡೆ ಕೊಡೋಕೆ ಹೇಳಿ" ಎಂಬ ಮಟ್ಟಕ್ಕೆ ಸಾಹಿತ್ಯ ಇಳಿದಿದ್ದಾಗ, ಕಂಡಕ್ಟರು ಬೇಸತ್ತು, "ಓದೋರು ಆರಿಸಿದ್ರೆ ಜಗಳಾನೇ, ಓದದೇ ಇರೋರು ಯಾರಾದ್ರೂ ಆರಿಸ್ಲಿ ಬಿಡಿ" ಎಂದರು. ಆ ಕ್ಷಣಕ್ಕೆ ಸರಿಯಾಗಿ ತಾವು ಶಟರಿನ ಕೆಳಗಿಂದ ನುಸುಳಿ ಬಂದು, ಮೇಜಿಗೆ ನೆಗೆದು, ಅಲ್ಲಿ ಹರಡಿದ್ದ ಪುಸ್ತಕಗಳನ್ನೆಲ್ಲ ಮೂಸಿ, ಒಂದರ ಮೇಲೆ ಕೂತು ಕಣ್ಣು ಮುಚ್ಚಿದಿರಿ. ಯಾರಿಗೂ ಬಯ್ಯಲು ಮನಸ್ಸಾಗಲಿಲ್ಲ. ತಾವು ಯಾವ ಪಂಥಕ್ಕೂ ಸೇರಿದವರಲ್ಲ, ಯಾವ ಲೇಖಕರ ನೆಂಟರೂ ಅಲ್ಲ, ತಮ್ಮ ಪಿಎಚ್‌ಡಿ ಯಾರ ಕೈಕೆಳಗೂ ಆಗಿಲ್ಲ. ಓದು ಬಾರದವರು ಪುಸ್ತಕ ಆಯ್ಕೆಯ ಸಮಿತಿಯಲ್ಲಿ ಕೂರುವುದು ಇದೇ ಮೊದಲೂ ಅಲ್ಲವಂತೆ.

ನಿಯಮ ಕಟ್ಟಿದವಳು ಅಕ್ಕ. ತಮ್ಮ ನಾಲ್ಕೂ ಕಾಲು ಪುಸ್ತಕದ ಮೇಲಿದ್ದು ಕಣ್ಣು ಮುಚ್ಚಿದರೆ ಮಾತ್ರ ಅದು ಆಯ್ಕೆ. ಆಯ್ಕೆಯಾದದ್ದನ್ನು ಎಲ್ಲರೂ ಓದಬೇಕು, ಒಂದು ಭಾನುವಾರ ಮಾತ್ರ ಚರ್ಚಿಸಬೇಕು, ಆಮೇಲೆ ಅದು ಮೇಜಿಗೆ ಮರಳಕೂಡದು, ಇಲ್ಲದಿದ್ದರೆ ಡಾಕ್ಟರು ಒಂದೇ ಪುಸ್ತಕವನ್ನು ತಿಂಗಳುಗಟ್ಟಲೆ ಕೊರೆಯುತ್ತಾರೆ. ಆಯ್ಕೆಯಾಗದ ಪುಸ್ತಕವನ್ನು ಅಂಗಡಿಯೊಳಗಾಗಲಿ ಹೊರಗಾಗಲಿ ಚರ್ಚಿಸಕೂಡದು, ಏಕೆಂದರೆ ಅದು ಪ್ರಚಾರವಾಗುತ್ತದೆ. ಹೀಗೆ ಅಕ್ಕ ತನ್ನ ಕೈಯಾರೆ ಹೆಣೆದ ಬಲೆಯಲ್ಲಿ ಮೊದಲು ಬಿದ್ದವಳು ಅಕ್ಕನೇ.

ತಮ್ಮ ಆಡಳಿತದಲ್ಲಿ ಒಳ್ಳೆಯದು ಆಗಲೇ ಇಲ್ಲ ಎನ್ನುವಷ್ಟು ಕೃತಘ್ನ ನಾನಲ್ಲ. ತಾವು ಆರಿಸಿದ ಜೇನು ಸಾಕಣೆಯ ಕೈಪಿಡಿಯನ್ನು ಓದಿ ಡಾಕ್ಟರು ರಾಣಿ ನೊಣದ ಮುದಿತನದ ಅಧ್ಯಾಯದಲ್ಲಿ ಕಣ್ಣೊರೆಸಿಕೊಂಡರು. ಕಣ್ಣಿನ ಅಂಗಡಿಯಲ್ಲೇ ಅತ್ತದ್ದರಿಂದ ಪೊರೆ ಇರಬಹುದೆಂದು ಸುಳ್ಳು ಹೇಳಿ ತಪ್ಪಿಸಿಕೊಂಡರು. ಸೇತುವೆ ಕಟ್ಟಿದ ಇಂಜಿನಿಯರರೊಬ್ಬರ ಆತ್ಮಕಥೆಯನ್ನು ನಾವೆಲ್ಲ ಮನಸಾರೆ ಹೊಗಳಿ ಮುಗಿಸಿದ ಮೇಲೆ ನನ್ನ ಹೆಂಡತಿ ಚಪ್ಪಲಿ ಮೆಟ್ಟುತ್ತ, "ಅಷ್ಟು ದಪ್ಪ ಪುಸ್ತಕದಲ್ಲಿ ಹೆಂಡತಿ ಎರಡೇ ಸಲ ಬರ್ತಾಳೆ, ಎರಡು ಸಲನೂ ಕಾಫಿ ಹಿಡ್ಕೊಂಡು" ಎಂದಳು. ಅಂದಿನಿಂದ ಮನೆಯಲ್ಲಿ ಕಾಫಿ ನಾನೇ ಹಿಡಿದುಕೊಂಡು ಬರುತ್ತಿದ್ದೇನೆ, ದಿನಕ್ಕೆ ಎಷ್ಟು ಸಲವಾದರೂ. ಪತ್ತೇದಾರಿ ಕಾದಂಬರಿಯ ವಾರದಲ್ಲಂತೂ ಕಂಡಕ್ಟರು, "ಕೊಲೆಗಾರ ಮೊದಲ್ನೇ ಸ್ಟಾಪಲ್ಲೇ ಸಿಕ್ಕಿಬಿದ್ದ, ಲೇಖಕರು ಮಾತ್ರ ಕೊನೇ ಸ್ಟಾಪ್‌ವರೆಗೂ ಟಿಕೆಟ್ ಹರೀತಾನೇ ಇದ್ರು" ಎಂದು ಮುಗಿಸಿದ ವಿಮರ್ಶೆಯನ್ನು ಮೀರಿಸುವಂಥದ್ದನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಆದರೆ ಅಕ್ಕನ ಪುಸ್ತಕ ಇದ್ದಲ್ಲೇ ಇತ್ತು. ಅದರ ರಕ್ಷಾಪುಟ ಎಂದೋ ಹರಿದು, ಹೆಸರು ಹೋಗಿ ಬರೀ ಒಂದು ದೋಣಿಯ ಚಿತ್ರ ಉಳಿದಿರುವುದರಿಂದ ನಾವೆಲ್ಲ ಅದನ್ನು ದೋಣಿ ಪುಸ್ತಕ ಎನ್ನುತ್ತೇವೆ. ಅಕ್ಕ ಅದನ್ನು ಓದಿದ್ದು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ, ಗುರುತಿಲ್ಲದ ಊರಿನ ಬಾಡಿಗೆ ಕೋಣೆಯಲ್ಲಿ. ಅವಳ ಶಾಲೆಯ ಉಳಿದ ಟೀಚರುಗಳು ಗೈಡುಗಳನ್ನು ಬಿಟ್ಟರೆ ಕ್ಯಾಲೆಂಡರಿನ ಹಿಂಭಾಗವನ್ನು ಮಾತ್ರ ಓದುವವರು. "ಕೊನೇ ಪುಟ ಮುಗಿಸಿ, ಯಾರಿಗಾದ್ರೂ ಹೇಳ್ಬೇಕು ಅಂತ ತಲೆ ಎತ್ತಿದೆ ಕಣೋ, ಎದುರಿಗೆ ನೀರಿನ ಹೂಜಿ ಇತ್ತು" ಎಂದು ಅವಳು ನನಗೆ ಒಮ್ಮೆ ಹೇಳಿದ್ದಳು. ಮುಂದೆ ಮದುವೆಯಾಯಿತು, ಭಾವನವರು ಪೇಪರಿನ ಹವಾಮಾನ ವರದಿಗಿಂತ ಆಚೆ ಓದಲಿಲ್ಲ. ಮಕ್ಕಳಾದರು, ಅವರಿಗೆ ಅಮ್ಮ ಕೊಟ್ಟ ಪುಸ್ತಕವೆಂದರೆ ಲೆಕ್ಕದ ಪುಸ್ತಕದಷ್ಟೇ ಭಯ. ಮೂವತ್ತು ವರ್ಷಕ್ಕೂ ಮೇಲಾಗಿ ಅವಳು ಆ ಪುಸ್ತಕದ ಬಗ್ಗೆ ಯಾರೊಂದಿಗೂ ಮಾತಾಡಿಲ್ಲ. ಕೂಟಕ್ಕೆ ಸೇರಿದ್ದೇ ಅದಕ್ಕಾಗಿ ಎಂಬುದು ಅವಳು ಹೇಳದಿದ್ದರೂ ನಮಗೆಲ್ಲ ಗೊತ್ತಿತ್ತು. ಎಲ್ಲರೂ ಸುಮ್ಮನೆ ಓದಿಬಿಡೋಣ ಎಂದು ಡಾಕ್ಟರು ಸಂಕೋಚ ಬಿಟ್ಟು ಹೇಳಿಯೂ ಹೇಳಿದರು. "ನನಗೊಂದು ನಿಯಮ, ನಿಮಗೊಂದು ನಿಯಮ ಇಲ್ಲ ಡಾಕ್ಟ್ರೇ. ಬೆಕ್ಕು ಕೂತಾಗ ಕೂರಲಿ" ಎಂದು ಅಕ್ಕ ಮಾತು ಮುಗಿಸಿದಳು. ತಾವೋ, ಪ್ರತಿ ವಾರವೂ ದೋಣಿ ಪುಸ್ತಕದವರೆಗೆ ಬಂದು, ಮೂಗು ಮುದುರಿ, ಮಗ್ಗುಲ ಪುಸ್ತಕಕ್ಕೆ ದಾಟುತ್ತಿದ್ದಿರಿ. ಅಕ್ಕ ಪ್ರತಿ ವಾರವೂ ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದಳು.

ಇಲ್ಲಿಂದ ಮುಂದೆ ನಡೆದದ್ದಕ್ಕೆ ತಾವೇ ಹೊಣೆ. ನಾನು ನಮ್ಮ ಬೀದಿಯ ಕೊನೆಯ ಗ್ರಂಥಾಲಯಕ್ಕೆ ಹೋಗಿ, ಒಳಪುಟದಲ್ಲಿದ್ದ ಹೆಸರು ಹೇಳಿ, ದೋಣಿ ಪುಸ್ತಕದ ಇನ್ನೊಂದು ಪ್ರತಿ ಇದೆಯೇ ಎಂದು ಗುಟ್ಟಾಗಿ ವಿಚಾರಿಸಿದೆ. ಇದೆ, ಆದರೆ ಯಾರೋ ಒಯ್ದಿದ್ದಾರೆ ಎಂದರು. ಆ ಯಾರನ್ನೋ ಮನಸ್ಸಿನಲ್ಲೇ ಬಯ್ದುಕೊಂಡು ಕೆಲವು ವಾರ ಅಲೆದ ಮೇಲೆ ಪುಸ್ತಕ ಕೈಗೆ ಬಂತು. ಅಂಗಡಿಯ ಗಲ್ಲಾದ ಕೆಳಗಿಟ್ಟುಕೊಂಡು, ಗಿರಾಕಿಯೊಬ್ಬರಿಗೆ ದೂರದ ಕನ್ನಡಕದ ಬದಲು ಹತ್ತಿರದ್ದು ಕೊಟ್ಟುಕಳಿಸುವಷ್ಟು ಮೈಮರೆತು ಓದಿದೆ. ವಾಪಸು ಮಾಡಲು ಹೋದಾಗ ಗ್ರಂಥಾಲಯದವರು, "ಏನ್ ಸಾರ್ ಇದಕ್ಕೆ ಇಷ್ಟು ಡಿಮಾಂಡು, ಪರೀಕ್ಷೆಗೇನಾದ್ರೂ ಇಟ್ಟಿದ್ದಾರಾ?" ಎಂದು ಕೇಳಿದರು. ಆಗಲೇ ನನಗೆ ಹೊಳೆಯಬೇಕಿತ್ತು. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನಿಗೆ ಮೂಗಿನ ಕೆಳಗಿನದು ಕಾಣಲಿಲ್ಲ.

ಓದಿದ್ದನ್ನು ಹೇಳಲಾಗದೆ ಹೊಟ್ಟೆಯುಬ್ಬರಿಸಿಕೊಂಡು ತಿರುಗುವುದು ಎಂಥ ಕಷ್ಟವೆಂದು ಪುಸ್ತಕದ ಮೇಲೆ ಮಲಗುವ ತಮಗೆ ತಿಳಿಯಲಾರದು. ಅದೂ ಎದುರಿಗೇ ಅಕ್ಕ ಕೂತಿರುವಾಗ. ತಮ್ಮ ಮೇಲೆ ಪ್ರಭಾವ ಬೀರದೆ ಗತ್ಯಂತರವಿಲ್ಲವೆಂದು ತೀರ್ಮಾನಿಸಿ, ಒಂದು ಭಾನುವಾರ ಎಲ್ಲರಿಗಿಂತ ಮೊದಲು ಬಂದ ಅಕ್ಕ ಕೈತೊಳೆಯಲು ಒಳಗೆ ಹೋದಾಗ, ಪ್ಲಾಸ್ಟಿಕ್ ಫ್ರೇಮುಗಳನ್ನು ಬಗ್ಗಿಸಲು ಬಿಸಿ ಮಾಡುವ ನಮ್ಮ ಯಂತ್ರದ ಮೇಲೆ ಅವಳ ಪುಸ್ತಕವನ್ನು ಹಿಡಿದು ಹದವಾಗಿ ಬೆಚ್ಚಗೆ ಮಾಡಿಟ್ಟೆ. ಬೆಚ್ಚಗಿನ ಜಾಗ ಕಂಡರೆ ತಾವು ಬಿಡುವವರಲ್ಲವೆಂಬ ನಂಬಿಕೆ.

ನನಗೆ ಆಗ ಗೊತ್ತಿಲ್ಲದಿದ್ದದ್ದು ಏನೆಂದರೆ, ಅದೇ ಭಾನುವಾರ, ಅದೇ ಪುಸ್ತಕಕ್ಕೆ, ಒಬ್ಬರಿಗೊಬ್ಬರು ಹೇಳದೆ, ಉಳಿದ ಮೂವರೂ ಸೇವೆ ಸಲ್ಲಿಸಿದ್ದರು. ಡಾಕ್ಟರು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಅದರ ಬೆನ್ನಿಗೆ ಒಣಮೀನು ತಿಕ್ಕಿದ್ದರು. ಕಂಡಕ್ಟರು ಪುಟಗಳ ನಡುವೆ ಒಂದು ದಾರ ಇಳಿಬಿಟ್ಟು, ಅದರ ತುದಿಯನ್ನು ಮೇಜಿನ ಕೆಳಗೆ ಬೆರಳಿಗೆ ಸುತ್ತಿಕೊಂಡು, ಇಲಿಯ ಬಾಲದಂತೆ ಆಡಿಸುತ್ತಿದ್ದರು. ನನ್ನ ಹೆಂಡತಿ ಯಾರಿಗೂ ಕಾಣದಂತೆ ಮೇಜನ್ನೇ ಸರಿಸಿ, ಕಿಟಕಿಯ ಬಿಸಿಲು ನೇರ ದೋಣಿಯ ಮೇಲೆ ಬೀಳುವಂತೆ ಮಾಡಿದ್ದಳು. ಬಿಸಿಲು, ಬಿಸುಪು, ಮೀನು, ಬಾಲ: ಒಬ್ಬ ಬೆಕ್ಕಿನವರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಎಲ್ಲಾದರೂ ನಡೆದಿದ್ದರೆ ತಿಳಿಸಬೇಕಾಗಿ ಕೋರುತ್ತೇನೆ.

ತಾವು ಬಂದಿರಿ. ಸುತ್ತಿದಿರಿ. ಮೂಸಿದಿರಿ. ನಾವು ನಾಲ್ವರೂ, ಒಬ್ಬೊಬ್ಬರೂ ತಮ್ಮದೊಂದೇ ಪಾಪವೆಂದುಕೊಂಡು ಕನ್ನಡಿ ನೋಡುತ್ತಿದ್ದೆವು. ತಾವು ಒಂದು ಸಲ ಸೀನಿ, ದೋಣಿ ಪುಸ್ತಕವನ್ನು ಮೆಟ್ಟಿಲಿನಂತೆ ತುಳಿದು ಆಚೆ ದಾಟಿ, ಮೇಜಿನ ಮೂಲೆಯಲ್ಲಿ ಮರೆತು ಬಿಟ್ಟಿದ್ದ ಕನ್ನಡಕದ ಫ್ರೇಮುಗಳ ಕ್ಯಾಟಲಾಗಿನ ಮೇಲೆ ನಾಲ್ಕೂ ಕಾಲು ಮಡಚಿ ಕೂತು ಕಣ್ಣು ಮುಚ್ಚಿದಿರಿ. ಇದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಾನು ಮೊರೆಯಿಟ್ಟೆ. ಅಕ್ಕ ತನ್ನ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತ, "ಮೇಜಿನ ಮೇಲಿದೆ, ಅಚ್ಚಾಗಿದೆ, ಹೊಲಿದಿದೆ. ಪುಸ್ತಕ ಅಲ್ಲ ಅಂತ ಸಾಧಿಸು ನೋಡೋಣ" ಎಂದಳು.

ಹಾಗಾಗಿ, ಮಾನ್ಯರೇ, ವಿದ್ಯಾವಂತರಾದ ಐದು ಜನ ಒಂದು ವಾರ ಕಾಲ ಫ್ರೇಮುಗಳ ಕ್ಯಾಟಲಾಗನ್ನು ಕೈಯಿಂದ ಕೈಗೆ ದಾಟಿಸಿ ಓದಿದೆವು. ಮುಂದಿನ ಭಾನುವಾರದ ಚರ್ಚೆಯೂ ಸಾಂಗವಾಗಿಯೇ ಆರಂಭವಾಯಿತು. ಪ್ರತಿ ಪುಟಕ್ಕೂ ಹೊಸ ಮುಖ ಬಂದರೂ ಯಾರಿಗೂ ಹಿನ್ನೆಲೆಯಿಲ್ಲ ಎಂದು ಅಕ್ಕ ಆಕ್ಷೇಪಿಸಿದಳು. ಇಷ್ಟು ಜನ ಹತ್ತಿದ ಬಸ್ಸಿನಲ್ಲಿ ಒಬ್ಬರಾದರೂ ಜಗಳವಾಡದಿರುವುದು ಅಸಹಜವೆಂದು ಕಂಡಕ್ಟರು ಅಭಿಪ್ರಾಯಪಟ್ಟರು. ಎಲ್ಲರ ಹಲ್ಲೂ ಒಂದೇ ಅಚ್ಚಿನವೆಂದು ಗೊಣಗಿದ ಡಾಕ್ಟರು, ಮಾತಿನ ಭರದಲ್ಲಿ, "ಎಲ್ಲಾ ಬರೀ ನಿಂತ್ಕೊಂಡಿದ್ದಾರೆ, ಆ ದೋಣಿಯವನು ಬಂದು ಬಾಗಿಲು ತಟ್ಟಿ ನಿಂತ್ಕೊಂಡಿಲ್ವಾ, ಹಾಗೆ" ಎಂದುಬಿಟ್ಟರು.

ಅಕ್ಕ ಥಟ್ಟನೆ ತಲೆಯೆತ್ತಿದಳು. ದೋಣಿ ಪುಸ್ತಕದಲ್ಲಿ ಏನಿದೆಯೆಂದು ಅಕ್ಕ ನಮಗೆ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಪರಿಸ್ಥಿತಿಯನ್ನು ಅರಿತು ಕ್ಯಾಟಲಾಗಿನಿಂದ ಮುಖ ಮುಚ್ಚಿಕೊಂಡದ್ದೇನೋ ಸರಿ, ಆದರೆ ತಪ್ಪು ಕೇಳಿಸಿಕೊಂಡು ಸುಮ್ಮನಿರುವುದು ಕಂಡಕ್ಟರ ಜಾಯಮಾನವಲ್ಲ. "ಎಲ್ಲಿ ತಟ್ಟಿದ ಡಾಕ್ಟ್ರೇ? ಬರೀ ನಿಂತಿದ್ದ. ತಟ್ಟಿದ್ರೆ ಅವಳು ತೆಗೀತಿದ್ಲು" ಎಂದರು, ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಅವರನ್ನು ಉಳಿಸಲೆಂದು, ತಟ್ಟಿದನೋ ಬಿಟ್ಟನೋ ಪುಟ ತಿರುವಿ ನೋಡಿದರೆ ತಿಳಿಯುತ್ತದೆ, ಕೊನೆಯ ಪುಟದ ಎರಡನೇ ಪ್ಯಾರಾ ಎಂದು ಹೇಳಿ, ಉಳಿಸುವ ಬದಲು ಜೊತೆಯಲ್ಲಿ ಮುಳುಗಿದೆ. ಕೊನೆಗೆ ನನ್ನ ಹೆಂಡತಿ, ಆ ದಿನ ಚಪ್ಪಲಿ ಹುಡುಕುವ ಹೊತ್ತಿಗೂ ಕಾಯದೆ, "ತಟ್ಟಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅವಳು ಮನೇಲೇ ಇರಲಿಲ್ವಲ್ಲ" ಎಂದಳು.

ದಾರಿಹೋಕರಿಗೆ ಕಥೆ ಇಷ್ಟು: ದೋಣಿ ನಡೆಸುವವನೊಬ್ಬ ಹೆಂಡತಿಯನ್ನು ಬಿಟ್ಟು ಹೊಳೆಯಾಚೆ ಹೋಗುತ್ತಾನೆ, ಬಹಳ ವರ್ಷ ಅವಳೇ ದೋಣಿ ನಡೆಸಿ ಬದುಕುತ್ತಾಳೆ, ಕೊನೆಯ ಪುಟದಲ್ಲಿ ಅವನು ಹಿಂದಿರುಗಿ ಬಾಗಿಲೆದುರು ನಿಲ್ಲುತ್ತಾನೆ, ಬಾಗಿಲು ತೆರೆಯುವುದಿಲ್ಲ, ಪುಸ್ತಕ ಮುಗಿಯುತ್ತದೆ.

ಅಕ್ಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನಕಲು ಹೊಡೆದು ಸಿಕ್ಕಿಬಿದ್ದ ಮಕ್ಕಳ ಸಾಲನ್ನು ಅವಳು ಇದೇ ಕಣ್ಣಿನಿಂದ ನೋಡಿರಬೇಕು. ನಾವು ಒಪ್ಪಿಕೊಳ್ಳುತ್ತ ಹೋದಂತೆ ಹೊರಬಿದ್ದದ್ದೇನೆಂದರೆ, ನಾಲ್ವರೂ ಓದಿದ್ದು ಗ್ರಂಥಾಲಯದ ಅದೇ ಒಂದು ಪ್ರತಿಯನ್ನು. ನಾನು ಶಾಪ ಹಾಕಿದ ಆ ಯಾರೋ ನನ್ನ ಹೆಂಡತಿ. ಪುಸ್ತಕ ಸಿಗಲಿಲ್ಲವೆಂದು ನಾನು ಸಪ್ಪೆಮೋರೆ ಹಾಕಿಕೊಂಡು ಮನೆಗೆ ಬಂದು ಕಾಫಿ ಹಿಡಿದು ಹೋದಾಗಲೆಲ್ಲ ಅದು ನಮ್ಮ ಬೀರುವಿನಲ್ಲಿ ಒಗೆದ ಬೆಡ್‌ಶೀಟುಗಳ ಕೆಳಗೆ ತಣ್ಣಗೆ ಮಲಗಿತ್ತು. ಒಣಮೀನು, ದಾರ, ಬಿಸಿ ಯಂತ್ರಗಳ ಕಥೆಯೂ ಹೊರಬಂತು. ಅಕ್ಕ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನಿಯಮಭಂಗಕ್ಕೆ ಬಯ್ಯುತ್ತಾಳೆಂದು ನಾವು ಕಾಯುತ್ತಿದ್ದರೆ, "ನಾಲ್ಕು ಜನರೂ ತಪ್ಪು ಓದಿದ್ದೀರಿ" ಎಂದಳು. ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಅವಳ ವಾದ ಸರಳ: ಹೆಂಗಸು ಒಳಗಿದ್ದಳು, ಅವನ ಹೆಜ್ಜೆ ಕೇಳಿದಳು, ಗುರುತಿಸಿದಳು, ತೆರೆಯಲಿಲ್ಲ, ಅಲ್ಲಿಗೆ ಸಿದ್ಧವಾಯಿತು. ಬಂದವನಿಗೆ ಒಂದು ಮಾತು ಆಡುವ ಅವಕಾಶವನ್ನಾದರೂ ಕೊಡಬೇಕಿತ್ತೆಂದು ಡಾಕ್ಟರು, ನಿಂತವನ ತಪ್ಪಿಗೆ ಕೂತವಳನ್ನು ಬಯ್ಯುವುದು ಅನ್ಯಾಯವೆಂದು ಕಂಡಕ್ಟರು ಏರುದನಿಯಲ್ಲಿ ವಾದಕ್ಕೆ ಇಳಿದರು. ಬೀದಿಯ ದೀಪಗಳು ಹತ್ತಿದವು, ಚಹಾ ಆರಿತು, ಎದುರಿನ ಬಟ್ಟೆ ಅಂಗಡಿಯವರು ಶಟರಿನ ಕೆಳಗೆ ಬಗ್ಗಿ ಯಾರಿಗಾದರೂ ಏಟಾಯಿತೇ ಎಂದು ವಿಚಾರಿಸಿ ಹೋದರು. ಆಗ ನನ್ನ ಹೆಂಡತಿ ಪುಸ್ತಕವನ್ನು ಅಕ್ಕನ ಮುಂದೆ ತೆರೆದಿಟ್ಟು, ಕೊನೆಯ ಪುಟದ ಹಿಂದಿನ ಪುಟದಲ್ಲಿ, ಬಂದಿಳಿದ ಗಂಡ ದಡದತ್ತ ನೋಡುವ ಜಾಗದಲ್ಲಿ ಬೆರಳಿಟ್ಟಳು. "ಇಲ್ಲಿ ನೋಡಿ ಅತ್ತಿಗೆ. ದಡದಲ್ಲಿ ದೋಣಿ ಇಲ್ಲ. ಅವಳು ಕೆಲಸಕ್ಕೆ ಹೋಗಿದ್ದಾಳೆ."

ಅಕ್ಕ ಆ ಸಾಲನ್ನು ಓದಿದಳು, ಮತ್ತೆ ಓದಿದಳು. "ಇಷ್ಟು ವರ್ಷ ನಾನು ಅವಳನ್ನ ಬಾಗಿಲ ಹಿಂದೆ ನಿಲ್ಲಿಸಿಬಿಟ್ಟಿದ್ದೆನಲ್ಲೇ" ಎಂದಳು, ಮೆಲ್ಲಗೆ, ಒಂದು ತಮಾಷೆ ತಡವಾಗಿ ಅರ್ಥವಾದವರ ಹಾಗೆ. ಆಮೇಲೆ ನಕ್ಕಳು. ನಕ್ಕು ಮುಗಿಸಿದ್ದೇ, ದೋಣಿಯನ್ನು ಯಾರೋ ಕೇಳಿಕೊಂಡು ಒಯ್ದಿರಬಹುದಲ್ಲ, ಸಾಧನೆ ಪೂರ್ತಿಯಾಗಿಲ್ಲವೆಂದು ಹೊಸ ಜಗಳ ತೆಗೆದಳು. ನನ್ನ ಅಭಿಪ್ರಾಯವನ್ನೂ ಆ ದಿನ ಕೇಳಿದರೆಂದು ದಾಖಲೆಗಾಗಿ ತಿಳಿಸುತ್ತೇನೆ. ಕೇಳಿದರು, ಕೇಳಿಸಿಕೊಳ್ಳಲಿಲ್ಲ.

ಆದರೆ ಅಕ್ಕ ಅಕ್ಕನೇ. ಹೊರಡುವ ಮುನ್ನ ಅವಳು ಕೊಟ್ಟ ತೀರ್ಪಿನ ಪ್ರಕಾರ, ಬೆಕ್ಕು ಕೂರದ ಪುಸ್ತಕವನ್ನು ಚರ್ಚಿಸುವಂತಿಲ್ಲ, ಆದ್ದರಿಂದ ಆ ದಿನ ನಡೆದದ್ದು ಚರ್ಚೆಯಲ್ಲ, ಬರೀ ಮಾತು. ಚರ್ಚೆಗಾದರೆ ಒಂದೇ ಭಾನುವಾರ, ಬರೀ ಮಾತಿಗೆ ಯಾವ ಮಿತಿಯೂ ಇಲ್ಲ. ಆಮೇಲಿನ ಪ್ರತಿ ಭಾನುವಾರವೂ, ತಾವು ಆರಿಸಿದ ಪುಸ್ತಕವನ್ನು ಶಾಸ್ತ್ರಕ್ಕೆ ಮುಗಿಸಿ, ನಾವು ದೋಣಿ ಹತ್ತುತ್ತಿದ್ದೇವೆ. ಹೊಳೆಯಾಚೆ ಆ ಗಂಡ ಏನು ಮಾಡುತ್ತಿದ್ದ ಎಂಬ ವಿಷಯಕ್ಕೆ ಈಗಷ್ಟೇ ಬಂದಿದ್ದೇವೆ. ಡಾಕ್ಟರು ಜೀವನದಲ್ಲಿ ಮೊದಲ ಬಾರಿಗೆ ಒಂದು ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದ್ದಾರೆ. ಅಕ್ಕ ವಾರದ ನಡುವೆಯೂ ಫೋನು ಮಾಡಿ, ಹಲೋ ಎನ್ನುವುದಕ್ಕೂ ಮುಂಚೆ, "ಅಲ್ಲ ಕಣೋ, ಹಾಗಾದ್ರೆ ಬಾಗಿಲಿಗೆ ಬೀಗ ಯಾಕಿಲ್ಲ?" ಎಂದು ಶುರು ಮಾಡುತ್ತಾಳೆ.

ಈಗ ನಿಜವಾದ ಕಾರಣಕ್ಕೆ ಬರುತ್ತೇನೆ. ತಾವು ಅಷ್ಟು ದಿನ ಆ ಪುಸ್ತಕವನ್ನು ಒಲ್ಲೆನೆಂದದ್ದು ಸಾಹಿತ್ಯಿಕ ಕಾರಣಕ್ಕಲ್ಲ ಎಂದು ನನ್ನ ಹೆಂಡತಿ ಪತ್ತೆಹಚ್ಚಿದ್ದಾಳೆ. ಅಕ್ಕ ಅದನ್ನು ಜೋಪಾನ ಮಾಡುವ ಆಸೆಯಲ್ಲಿ ಪೆಟ್ಟಿಗೆಯೊಳಗೆ ನುಸಿಗುಳಿಗೆಗಳ ನಡುವೆ ಇಟ್ಟಿದ್ದಳು. ಆ ವಾಸನೆಗೆ ಹುಳುವೂ ಬರಲಿಲ್ಲ, ತಾವೂ ಬರಲಿಲ್ಲ. ಈಚೆಗೆ ಪುಸ್ತಕ ಪೆಟ್ಟಿಗೆಗೆ ಮರಳುವುದೇ ಇಲ್ಲ. ವಾರಕ್ಕೊಬ್ಬರ ಮನೆಯಲ್ಲಿರುತ್ತದೆ, ಬಸ್ಸಿನಲ್ಲಿ ಓಡಾಡುತ್ತದೆ, ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತದೆ. ನುಸಿಗುಳಿಗೆಯ ವಾಸನೆ ಹಾರಿಹೋಗಿದೆ, ಮೀನಿನದು ಉಳಿದುಕೊಂಡಿದೆ. ಕಳೆದ ಭಾನುವಾರ ತಾವು ಅದನ್ನು ಹೊಸಬರಂತೆ ನೋಡಿ, ಮುಂಗಾಲು ಎರಡನ್ನೂ ಇಟ್ಟು, ಹಿಂಗಾಲು ಒಂದನ್ನೂ ಇಟ್ಟು, ನಾಲ್ಕನೆಯದನ್ನು ಎತ್ತಿದಿರಿ. ಆಗ ಕಂಡಕ್ಟರು ಜೇಬಿನಿಂದ ಸೀಟಿ ತೆಗೆದು ಊದಿದ್ದು ಅಭ್ಯಾಸಬಲದಿಂದ ಎಂದು ಅವರು ಅಕ್ಕನೆದುರು ಹೇಳಿದ್ದಾರೆ. ಅದು ಸುಳ್ಳೆಂದು ಅಕ್ಕನಿಗೂ ಗೊತ್ತು. ಅವಳು ಸಾಧನೆ ಕೇಳಲಿಲ್ಲ. ತಾವು ಹೌಹಾರಿ ಕುರ್ಚಿಯ ಕೆಳಗೆ ಸೇರಿದ್ದಕ್ಕೆ ಕೂಟದ ಪರವಾಗಿ ವಿಷಾದಿಸುತ್ತೇನೆ.

ಆದ್ದರಿಂದ ನನ್ನ ಕೋರಿಕೆಗಳನ್ನು ಕೃಪೆಯಿಟ್ಟು ಆಲಿಸಬೇಕು. ತಾವು ಹೊರಗೆ ಬರಬೇಕು. ಎಂದಿನಂತೆ ಮೇಜು ಹತ್ತಬೇಕು. ಬೇಕಾದರೆ ಜೇನಿನ ಮೇಲೆ ಕೂರಿ, ಸೇತುವೆಯ ಮೇಲೆ ಮಲಗಿ, ಕವಿತೆಗಳ ಮೇಲೆ ಉಗುರು ಮಸೆದುಕೊಳ್ಳಿ, ಡಾಕ್ಟರು ತರುವ ಎಲ್ಲ ಪುಸ್ತಕಗಳನ್ನೂ ಸಾಲಾಗಿ ಆರಿಸಿ ನಮ್ಮ ಪ್ರಾಣ ತೆಗೆಯಿರಿ. ಬೇಸಿಗೆಯಲ್ಲಿ ನೆರಳು, ಚಳಿಯಲ್ಲಿ ಫ್ರೇಮಿನ ಯಂತ್ರದ ಪಕ್ಕದ ಜಾಗ, ನಡುವೆ ಹಾಲು ಎಲ್ಲಕ್ಕೂ ನಾನು ಬದ್ಧ. ಆದರೆ ದೋಣಿ ಪುಸ್ತಕದ ಮೇಲೆ ಮಾತ್ರ, ಮೀನು ಎಷ್ಟೇ ಕರೆದರೂ, ಬಿಸಿಲು ಎಷ್ಟೇ ಬಿದ್ದರೂ, ದಯವಿಟ್ಟು ನಾಲ್ಕನೆಯ ಕಾಲನ್ನು ಇಡಬೇಡಿ. ತಾವು ಕೂತ ಕ್ಷಣ ಅದು ಆಯ್ಕೆಯಾಗುತ್ತದೆ, ಆಯ್ಕೆಯಾದದ್ದು ಒಂದು ಭಾನುವಾರದಲ್ಲಿ ಮುಗಿಯುತ್ತದೆ, ಮುಗಿದದ್ದು ಮೇಜಿಗೆ ಮರಳುವುದಿಲ್ಲ. ಒಂದು ವರ್ಷ ತಾವು ಕೂರಲೆಂದು ಹಾತೊರೆದವರೇ ಈಗ ಕೂರಬೇಡಿ ಎನ್ನುತ್ತಿದ್ದಾರಲ್ಲ ಎಂದು ತಮಗೆ ನಗು ಬರಬಹುದು. ಮನುಷ್ಯರು ಹಾಗೆಯೇ. ಅಕ್ಕ ಈಗಷ್ಟೇ ಮಾತಿಗೆ ತೊಡಗಿದ್ದಾಳೆ. ಅವಳ ಬಳಿ ಮೂವತ್ತು ವರ್ಷದ ಬಾಕಿ ಮಾತಿದೆ.

ಇತಿ, ಮುಂಗೈಯ ಗೀರುಗಳನ್ನು ಲೆಕ್ಕಿಸದೆ, ಎಂದೆಂದಿಗೂ
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ಪುಸ್ತಕವನ್ನು ತೆರೆಯದೆ, ಅದರ ಮೇಲೆ ಒಂದು ನಿದ್ದೆ ತೆಗೆದು, ಎದ್ದು ಮೈಮುರಿದು, ಎಲ್ಲ ತಿಳಿದವರಂತೆ ಸುತ್ತ ನೋಡುವ ಕಲೆಯನ್ನು ಇಷ್ಟು ಚೆನ್ನಾಗಿ ಬಲ್ಲ ತಾವು ಈ ಪುಟ್ಟ ಅಂಗಡಿಯಲ್ಲಿ ಕೊಳೆಯುವುದು ನ್ಯಾಯವಲ್ಲ. ಮುನ್ನುಡಿ ಬರೆಯುವ ಕ್ಷೇತ್ರದಲ್ಲಿ ತಮಗೆ ಉಜ್ವಲ ಭವಿಷ್ಯವಿದೆ. ಶಿಫಾರಸು ಬೇಕಿದ್ದರೆ ಸಂಕೋಚಪಡಬೇಡಿ. ಆ ಕ್ಷೇತ್ರದಲ್ಲಿ ಈಗಾಗಲೇ ಇರುವ ಕೆಲವರಿಗೆ ಓದುವ ಕನ್ನಡಕ ಮಾಡಿಕೊಟ್ಟವನು ನಾನೇ, ಗಾಜಿನ ಮೇಲೆ ಒಂದು ಗೀರೂ ಬಿದ್ದಿಲ್ಲವೆಂದು ಅವರು ಹೆಮ್ಮೆಯಿಂದ ಹೇಳುತ್ತಿರುತ್ತಾರೆ.